ಮಣ್ಣು ನೋಡಿ ದಾರಿ ಹಿಡಿಯಿರಿ: ಬೀದರ್ ಸುತ್ತಲಿನ ಹೊಲದ ದಾರಿ, ಕೆರೆ ಏರಿಗಳಲ್ಲಿ ಓಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಬೀದರ್‌ನಲ್ಲಿ ಓಡಲು ಶುರು ಮಾಡುವವರು ಮೊದಲು ಕೇಳುವುದು ಶೂ ಬಗ್ಗೆ. ಯಾವುದು ಒಳ್ಳೆಯದು, ಎಷ್ಟಾಗುತ್ತದೆ ಅಂತ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ನಿಮ್ಮ ಮನೆಯಿಂದ ಹೊರಟರೆ ಮೊದಲು ಸಿಗುವ ಹೊಲದ ಮಣ್ಣು ಕೆಂಪೋ, ಕರಿಯೋ?

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಕಡೆ ಯಾವ ತಿಂಗಳಲ್ಲಿ ಎಲ್ಲಿ ಓಡಬೇಕು ಅನ್ನುವುದನ್ನು ಮಣ್ಣೇ ಹೇಳುತ್ತದೆ. ನಾನು ಇದನ್ನು ಕಲಿತಿದ್ದು ನೋವು ತಿಂದು. ಒಂದು ಜುಲೈ ತಿಂಗಳು, ರಾತ್ರಿ ಮಳೆಯಾಗಿ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಖುಷಿಯಿಂದ ಮಾಂಜ್ರಾ ನದಿ ಕಡೆಯ ಬಂಡಿ ದಾರಿ ಹಿಡಿದೆ. ಅದು ಕರಿ ಮಣ್ಣಿನ ದಾರಿ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಎರಡೂ ಶೂಗಳಿಗೆ ಮಣ್ಣು ಮೆತ್ತಿ ಕಾಲು ಎತ್ತಲು ಆಗದಷ್ಟು ಭಾರ. ಒಂದು ಕಾಲು ಜಾರಿ ಪಾದ ಹೊರಳಿತು. ಮೂರು ವಾರ ಮನೆಯಲ್ಲಿ ಕೂತೆ. ಅದೇ ದಿನ ಊರ ಮೇಲಿನ ಕೆಂಪು ಮಣ್ಣಿನ ದಾರಿಯಲ್ಲಿ ಓಡಿದ್ದರೆ ಏನೂ ಆಗುತ್ತಿರಲಿಲ್ಲ.

ಮೊದಲ ಹೆಜ್ಜೆ: ನೆಲವನ್ನು ಅರ್ಥ ಮಾಡಿಕೊಳ್ಳಿ

ಬೀದರ್ ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಹಾಸಿನ ಮೇಲೆ. ಮೇಲಿನ ಪದರ ಪೂರ್ತಿ ಜಂಬಿಟ್ಟಿಗೆ, ನಾವು ಕೆಂಪು ಕಲ್ಲು ಅನ್ನುತ್ತೇವಲ್ಲ ಅದು. ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದಿದ್ದು ಇದೇ ಕಲ್ಲಿನಲ್ಲಿ. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಮೇಲೆ ನಿಲ್ಲದೆ ಕೆಳಗಿಳಿಯುತ್ತದೆ. ಹಾಗಾಗಿ ಜೋರು ಮಳೆ ಬಂದ ಮಾರನೇ ದಿನವೇ ಕೆಂಪು ದಾರಿಯಲ್ಲಿ ಓಡಬಹುದು.

ಕೆಂಪು ಕಲ್ಲಿನ ಅಡಿಯಲ್ಲಿ ಗಟ್ಟಿಯಾದ ಕಪ್ಪು ಕಲ್ಲಿದೆ. ಮೇಲಿನಿಂದ ಇಳಿದ ನೀರು ಅಲ್ಲಿಗೆ ಬಂದು ತಡೆಯುತ್ತದೆ. ಕೊನೆಗೆ ಹಾಸಿನ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ, ಇವೆಲ್ಲ ಅಂಥ ಅಂಚಿನ ತಗ್ಗುಗಳಲ್ಲೇ ಇರುವುದು ಈ ಕಾರಣಕ್ಕೆ. ಓಡುವವರಿಗೆ ಇದರಲ್ಲಿ ಒಂದು ದೊಡ್ಡ ಸುಳಿವಿದೆ. ಬೀದರ್‌ನಲ್ಲಿ ನೀರಿನ ಕಡೆ ಹೊರಟರೆ ಇಳಿಜಾರು ಸಿಗುತ್ತದೆ, ವಾಪಸ್ ಬರುವಾಗ ಏರು ಕಾದಿರುತ್ತದೆ. ಹೋಗುವಾಗ ಹಗುರ ಅನ್ನಿಸಿತು ಅಂತ ಜಾಸ್ತಿ ದೂರ ಹೋಗಬೇಡಿ. ಮೈಯಲ್ಲಿರುವ ಶಕ್ತಿಯ ಮೂರರಲ್ಲಿ ಒಂದು ಪಾಲು ಖರ್ಚಾದಾಗಲೇ ತಿರುಗಿಕೊಳ್ಳಿ.

ಹಾಸು ಇಳಿದ ಮೇಲೆ ಕರಿ ಮಣ್ಣು, ಅಂದರೆ ಎರೆ ಭೂಮಿ. ಅದರ ಗುಣವೇ ಬೇರೆ. ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಅದರ ತಂಟೆಗೆ ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಅದೇ ಮಣ್ಣಿನಷ್ಟು ಸುಖದ ದಾರಿ ಇನ್ನೊಂದಿಲ್ಲ. ಬಂಡಿ, ಟ್ರ್ಯಾಕ್ಟರ್ ತುಳಿದು ತುಳಿದು ಗಟ್ಟಿಯಾಗಿರುತ್ತದೆ, ಆದರೂ ಡಾಂಬರಿನಷ್ಟು ಮೊಣಕಾಲಿಗೆ ಹೊಡೆಯುವುದಿಲ್ಲ. ಮಾರ್ಚ್ ನಂತರ ಬಿರುಕು ಅಗಲವಾಗುತ್ತವೆ. ಪಾದ ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕನ್ನು ನಾನು ನೋಡಿದ್ದೇನೆ. ಆಗ ಮತ್ತೆ ಕೆಂಪು ದಾರಿಗೇ ಬನ್ನಿ.

ಕಲಬುರಗಿ ಗೆಳೆಯರಿಗೆ ಈ ಅನುಕೂಲ ಕಡಿಮೆ. ಅಲ್ಲಿ ಊರ ಸುತ್ತ ಬಹುತೇಕ ಕರಿ ಮಣ್ಣೇ. ಹಾಗಾಗಿ ಮಳೆಗಾಲದಲ್ಲಿ ಅಪ್ಪನ ಕೆರೆಯ ಸುತ್ತಲಿನಂಥ ಕಟ್ಟಿದ ದಾರಿಯನ್ನೇ ನಂಬಬೇಕು.

ಎರಡನೇ ಹೆಜ್ಜೆ: ನಕಾಶೆಯಲ್ಲಿ ಹುಡುಕಿ

ಮೊಬೈಲ್ ನಕಾಶೆಯ ಉಪಗ್ರಹ ಚಿತ್ರದಲ್ಲಿ ಕೆಂಪು, ಕಪ್ಪು ನೆಲ ಸಲೀಸಾಗಿ ಗೊತ್ತಾಗುತ್ತದೆ. ಕೆರೆ, ಏರಿ, ಹೊಲದ ನಡುವಿನ ದಾರಿ ಎಲ್ಲ ಕಾಣುತ್ತದೆ. ಆದರೆ ಅಲ್ಲಿ ಕಾಣುವ ಗೆರೆ ಎಲ್ಲರೂ ಓಡಾಡುವ ದಾರಿಯೋ, ಯಾರದೋ ಹೊಲದ ಬದುವೋ ಅನ್ನುವುದು ತಿಳಿಯುವುದಿಲ್ಲ.

ಅದಕ್ಕೆ ಕಂದಾಯ ಇಲಾಖೆಯ ಗ್ರಾಮ ನಕಾಶೆ ನೋಡಿ. ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದರಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿ ದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ನೀವು ನಿಂತ ಜಾಗದ ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆಪ್ ತೋರಿಸುತ್ತದೆ. ಜಮೀನಿನ ವ್ಯಾಜ್ಯಕ್ಕೆ ಮಾತ್ರ ಇವನ್ನು ತೆಗೆದು ನೋಡುವುದು ರೂಢಿ. ನನಗೆ ಇವು ಓಟದ ನಿಧಿ. ಹೊಸ ರಸ್ತೆ ಬಂದ ಮೇಲೆ ಜನ ಮರೆತ ಎಷ್ಟೋ ಹಳೆಯ ಬಂಡಿ ದಾರಿಗಳು ಅದರಲ್ಲಿವೆ.

ಮೊದಲ ಸಲ 4 ಕಿಲೋಮೀಟರ್ ಮೀರದ ಸುತ್ತು ಗುರುತಿಸಿ. ಹೋದ ದಾರಿಯಲ್ಲೇ ಬರುವುದಕ್ಕಿಂತ ಸುತ್ತು ಹಾಕಿ ಬರುವುದು ಮನಸ್ಸಿಗೆ ಹಿತ. ನಡುವೆ ಒಂದಾದರೂ ಊರು, ಗುಡಿ, ಅಥವಾ ಕೈಪಂಪು ಇರಲಿ.

ಮೂರನೇ ಹೆಜ್ಜೆ: ಓಡುವ ಮುಂಚೆ ಒಮ್ಮೆ ನಡೆದು ಬನ್ನಿ

ಇದನ್ನು ಬಿಡಲೇಬೇಡಿ. ಹಗಲು ಹೊತ್ತಿನಲ್ಲಿ, ಆತುರವಿಲ್ಲದೆ ಪೂರ್ತಿ ದಾರಿ ನಡೆಯಿರಿ. ಏನೇನು ನೋಡಬೇಕು?

ಹಾಳು ಬಾವಿ ಎಲ್ಲಿವೆ ಅಂತ ಮೊದಲು ನೋಡಿ. ಕಟ್ಟೆ ಇಲ್ಲದ, ಸುತ್ತ ಹುಲ್ಲು ಬೆಳೆದ ಬಾವಿಗಳು ಈ ಭಾಗದಲ್ಲಿ ಸಾಕಷ್ಟಿವೆ. ನೌಬಾದ್ ಕಡೆ ಓಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿ ಸುರಂಗ ತೋಡಿ ನೀರು ಹರಿಸುವ ಪರ್ಷಿಯಾ ಪದ್ಧತಿ ಅದು, ನಮ್ಮವರು ಸುರಂಗ ಬಾವಿ ಅನ್ನುತ್ತಾರೆ. ಆ ಸುರಂಗಕ್ಕೆ ಗಾಳಿ ಬೆಳಕು ಬರಲಿ ಅಂತ ಮೇಲಿನಿಂದ ಆಳದ ಕಿಂಡಿಗಳನ್ನು ಕೊರೆದಿದ್ದಾರೆ. ನಿಂತು ನೋಡಬೇಕಾದ ಅದ್ಭುತ. ಆದರೆ ಕತ್ತಲಲ್ಲಿ ಆ ಕಡೆಯ ಬಯಲಿನಲ್ಲಿ ದಾರಿ ಬಿಟ್ಟು ಓಡಬಾರದು.

ಆಮೇಲೆ ಬೆಳೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಹೊಲಕ್ಕೆ ಕಾಲಿಡಬೇಡಿ. ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದ ಕೂಳೆ ಮೊಳೆಯಷ್ಟು ಚೂಪಾಗಿರುತ್ತದೆ. ಶೂ ಅಡಿಯನ್ನೇ ಚುಚ್ಚಿಕೊಂಡು ಬರುತ್ತದೆ. ತೊಗರಿ ಹೂ, ಕಾಯಿ ಬಿಡುವ ಹೊತ್ತಿನಲ್ಲಿ ಔಷಧ ಹೊಡೆಯುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡವರು ಕಂಡರೆ, ಅಥವಾ ಘಾಟು ಬಂದರೆ, ಆ ದಿನ ಬೇರೆ ದಾರಿ.

ಮೂರನೆಯದು ಜನ. ಹೊಲದಲ್ಲಿ ಯಾರಾದರೂ ಸಿಕ್ಕರೆ ನಿಂತು ಮಾತಾಡಿಸಿ. "ಕಾಕಾ, ದಿನಾ ಮುಂಜಾನೆ ಈ ದಾರೀಲಿ ಓಡ್ತೀನ್ರಿ, ನಡೀತದಲ್ರಿ?" ಅಂದರೆ ಸಾಕು. ಇಲ್ಲ ಅಂದವರನ್ನು ನಾನು ಇನ್ನೂ ಕಂಡಿಲ್ಲ. ಹೇಳದೆ ಕೇಳದೆ ಬೆಳೆಯ ನಡುವೆ ಓಡಿದರೆ ಮಾತ್ರ ಸಿಟ್ಟು ಬರುತ್ತದೆ, ಅದು ನ್ಯಾಯವೂ ಹೌದು. ಮಾತಾಡಿಸಿದರೆ ಇನ್ನೊಂದು ಲಾಭವಿದೆ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಹಳ್ಳಕ್ಕೆ ನೀರು ಬರುತ್ತದೆ, ಎಲ್ಲ ಅವರೇ ಹೇಳುತ್ತಾರೆ.

ಗಂಡಸರಿಗೆ ಒಂದು ಮಾತು. ಶೌಚಾಲಯ ಕಟ್ಟಿದ ಮೇಲೂ ಕೆಲವು ಊರುಗಳ ಅಂಚಿನಲ್ಲಿ ನಸುಕಿನಲ್ಲಿ ಹೆಂಗಸರು ಬಯಲಿಗೆ ಹೋಗುವ ದಾರಿಗಳಿವೆ. ಊರವರನ್ನು ಕೇಳಿ ತಿಳಿದುಕೊಳ್ಳಿ. ಬೆಳಕು ಹರಿಯುವವರೆಗೆ ಆ ಕಡೆ ಹೋಗಬೇಡಿ. ಹಣೆಗೆ ಟಾರ್ಚ್ ಕಟ್ಟಿಕೊಂಡು ಅಂತೂ ಬೇಡವೇ ಬೇಡ. ನಮ್ಮ ಓಟಕ್ಕಿಂತ ಅವರ ಮರ್ಯಾದೆ ದೊಡ್ಡದು.

ನಾಲ್ಕನೇ ಹೆಜ್ಜೆ: ಹೊತ್ತು ಮತ್ತು ದಿಕ್ಕು

ಬೀದರ್‌ನಲ್ಲಿ ಮೇ ತಿಂಗಳಲ್ಲಿ ಸೂರ್ಯ ಹುಟ್ಟುವುದು 5:45ರ ಸುಮಾರಿಗೆ. ಜನವರಿಯಲ್ಲಿ 6:50 ದಾಟುತ್ತದೆ. ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವ ದಿನಗಳಿವೆ. ಆಗ ನಸುಕಿನ ಬೆಳಕಿಗೆ ಹೊರಟು 7 ಗಂಟೆಯೊಳಗೆ ಮನೆ ಸೇರಿ. ಸಂಜೆ ಓಡುವುದು ಬೇಡ. ಕೆಂಪು ಕಲ್ಲು ದಿನವಿಡೀ ಕುಡಿದ ಬಿಸಿಯನ್ನು ಸಂಜೆ ಬಿಡುತ್ತಿರುತ್ತದೆ. ಚಳಿಗಾಲದಲ್ಲಿ ಅವಸರವೇ ಇಲ್ಲ, ಬೆಳಕಾದ ಮೇಲೆ ಹೊರಟರೂ ಎಳೆ ಬಿಸಿಲು ಹಿತ.

ಪೂರ್ವಕ್ಕೆ ಹೋಗುವ ದಾರಿಯಾದರೆ ಸೂರ್ಯ ಹುಟ್ಟುವ ಮುಂಚೆ ಹೊರಡಿ. ಬರುವಾಗ ಬೆನ್ನಿಗೆ ಬಿಸಿಲು ಇರುತ್ತದೆ, ಕಣ್ಣು ಕುಕ್ಕುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಆ ತಿಂಗಳುಗಳಲ್ಲಿ ಮೊದಲು ಪಶ್ಚಿಮಕ್ಕೆ, ಗಾಳಿಗೆ ಎದೆ ಕೊಟ್ಟು ಹೋಗಿ. ದಣಿದು ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ.

ಡಾಂಬರು ರಸ್ತೆ ತುಳಿಯಬೇಕಾದರೆ ಬಲಗಡೆ, ಎದುರು ಬರುವ ವಾಹನ ಕಾಣುವಂತೆ ಓಡಿ. ಕಬ್ಬು ನುರಿಸುವ ಕಾಲದಲ್ಲಿ, ನವೆಂಬರ್‌ನಿಂದ ಮಾರ್ಚ್‌ವರೆಗೆ, ಇದು ಪ್ರಾಣದ ಮಾತು. ಮಂಜಿನಲ್ಲಿ ಹಿಂದಿನ ದೀಪವಿಲ್ಲದ ಜೋಡಿ ಟ್ರೇಲರ್‌ಗಳು ಬರುತ್ತವೆ. ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ. ಟ್ರ್ಯಾಕ್ಟರ್ ಸದ್ದು ಕೇಳಿದರೆ ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲಿ. ಬಿಳಿ ಅಥವಾ ಹಳದಿ ಬನಿಯನ್ ಹಾಕಿಕೊಳ್ಳಿ. ಕಿವಿಗೆ ಏನೂ ಸಿಕ್ಕಿಸಬೇಡಿ.

ಐದನೇ ಹೆಜ್ಜೆ: ಈ ದಾರಿಗಳಿಂದ ಶುರು ಮಾಡಿ

ಹೊಸಬರಿಗೆ ಬರೀದ್ ಶಾಹಿ ಉದ್ಯಾನ. ಊರ ಪಶ್ಚಿಮಕ್ಕೆ, ಉದಗೀರ್ ರಸ್ತೆಯಲ್ಲಿದೆ. ಬರೀದ್ ಶಾಹಿ ದೊರೆ ಅಲಿ ಬರೀದನ ನಾಲ್ಕೂ ಕಡೆ ತೆರೆದ ಗುಂಬಜ್ ನಡುವೆ ನಿಂತಿದೆ. ಸುತ್ತ ಮರ, ಸಮತಟ್ಟು ನೆಲ, ಬೆಳಿಗ್ಗೆ ವಾಕಿಂಗ್ ಬರುವ ಜನ. ನಾಯಿ, ವಾಹನದ ಕಾಟವಿಲ್ಲ. ಮೊದಲ ಎರಡು ತಿಂಗಳು ಇಲ್ಲೇ ಕಾಲು ಗಟ್ಟಿ ಮಾಡಿಕೊಳ್ಳಿ.

ಎರಡನೆಯದು ಅಷ್ಟೂರು. ಇದು ನನ್ನ ಪ್ರೀತಿಯ ದಾರಿ. ಕೋಟೆ ಕಡೆಯ ಹಳೆ ಊರಿನಿಂದ ಪೂರ್ವಕ್ಕೆ 3ರಿಂದ 4 ಕಿಲೋಮೀಟರ್, ಎಲ್ಲಿಂದ ಹೊರಡುತ್ತೀರಿ ಅನ್ನುವುದರ ಮೇಲೆ. ಊರು ದಾಟಿದ ಮೇಲೆ ದಾರಿ ಇಳಿಯುತ್ತದೆ. ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಎಂಟು ಮೂಲೆಯ ಗೋರಿ ಕಟ್ಟಡ ಚೌಖಂಡಿ ದಿನ್ನೆಯ ಮೇಲೆ ಕಾಣುತ್ತದೆ. ಅಲ್ಲಿಂದ ಮುಂದೆ ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಂಬಜ್‌ಗಳ ಸಾಲು. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಅಹಮದ್ ಶಾಹ್ ವಲಿ ಮಲಗಿರುವುದು ಇಲ್ಲೇ. ಅವರಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ. ಹೋಳಿ ಆದ ಮೇಲಿನ ದಿನಗಳಲ್ಲಿ ಉರುಸ್ ನಡೆಯುತ್ತದೆ, ಆಗ ಈ ದಾರಿ ಭಕ್ತರಿಗೆ ಬಿಟ್ಟುಕೊಡಿ. ಗುಂಬಜ್‌ಗಳ ಆವರಣದೊಳಗೆ ಓಡಬಾರದು. ಹೊರಗೆ ಐದು ನಿಮಿಷ ನಿಂತು, ನೀರು ಕುಡಿದು, ತಿರುಗಿಕೊಳ್ಳಿ. ವಾಪಸ್ ಬರುವಾಗ ಏರು. ಮೊದಲ ತಿಂಗಳು ಆ ಏರನ್ನು ನಡೆದೇ ಹತ್ತಿ. ಸಣ್ಣ ಹೆಜ್ಜೆ, ನೋಟ ಹತ್ತು ಮಾರು ಮುಂದೆ.

ಪಾಪನಾಶ ಕೆರೆ ಊರಿಗೆ ಅಂಟಿಕೊಂಡಂತಿದೆ. ವಾರದ ದಿನ ಹೊತ್ತು ಇಲ್ಲದವರಿಗೆ ಸರಿ. ಗುಡಿ ಇರುವ ಜಾಗ, ಸೋಮವಾರ ಮತ್ತು ಶಿವರಾತ್ರಿಯಲ್ಲಿ ಜನ ಜಾಸ್ತಿ.

6-7 ಕಿಲೋಮೀಟರ್ ಸಲೀಸಾಗಿ ಓಡುವವರು ಚಳಿಗಾಲದ ಭಾನುವಾರ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಕಡೆ ಹೋಗಿ. ಕಾರಂಜಾ ಜಲಾಶಯ ಅಲ್ಲಿದೆ. ಅಣೆಕಟ್ಟಿನ ಮೇಲೆ ಅನುಮತಿ ಇಲ್ಲದೆ ಹೋಗಬಾರದು, ಹಿನ್ನೀರಿನ ಊರುಗಳ ಬಂಡಿ ದಾರಿಗಳೇ ಸಾಕು. ಒಂದು ಕಡೆ ಬಿಳಿಜೋಳ, ಕಡಲೆ. ಇನ್ನೊಂದು ಕಡೆ ನೀರು, ಅದರ ಅಂಚಿನಲ್ಲಿ ಹಕ್ಕಿಗಳು. ಗಾಡಿ ನಿಲ್ಲಿಸಿದ ಜಾಗ ಬಿಟ್ಟರೆ ಡಾಂಬರು ತುಳಿಯುವ ಹಂಗೇ ಇರುವುದಿಲ್ಲ.

ಬೀದರ್ ಸುತ್ತಿನ ಬಯಲುಗಳಲ್ಲಿ ಚಿಗರಿ ಹಿಂಡು ಎದುರಾಗಬಹುದು. ಕೃಷ್ಣಮೃಗಗಳು. ನಿಂತುಬಿಡಿ. ಫೋಟೋಗೆ ಅಂತ ಹತ್ತಿರ ಹೋದರೆ ಅವು ಗಾಬರಿಯಾಗಿ ರಸ್ತೆಗೆ ನುಗ್ಗುತ್ತವೆ, ವಾಹನಕ್ಕೆ ಸಿಗುತ್ತವೆ. ಎರಡು ನಿಮಿಷ ತಡೆದರೆ ತಾವೇ ದಾಟಿ ಹೋಗುತ್ತವೆ. ಅವು ನೆಗೆಯುವುದನ್ನು ನೋಡುವುದಕ್ಕೇ ನಾನು ಎಷ್ಟೋ ದಿನ ಎದ್ದು ಹೊರಟಿದ್ದೇನೆ.

ಆರನೇ ಹೆಜ್ಜೆ: ಕೆರೆ ಏರಿ ಮೇಲೆ

ಏರಿಯ ನಡುಭಾಗದಲ್ಲಿ ಓಡಿ. ನೀರಿನ ಕಡೆಯ ಕಲ್ಲು ಹಾಸಿಗೆ ಪಾಚಿ ಹಿಡಿದಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಹೊರಗಿನ ಅಂಚು ಮಳೆಗಾಲದಲ್ಲಿ ಕುಸಿಯುತ್ತದೆ. ಕೋಡಿ ಹರಿಯುತ್ತಿದ್ದರೆ ದಾಟಬೇಡಿ. ಮೊಣಕಾಲು ಮಟ್ಟದ ನೀರು ಅಂದರೆ ಏನು ಮಹಾ ಅನ್ನಿಸುತ್ತದೆ. ಹರಿಯುವಾಗ ಅಷ್ಟೇ ನೀರು ದೊಡ್ಡವರನ್ನೂ ಕೆಡವುತ್ತದೆ. ಎಮ್ಮೆ ಬಂದರೆ ನಡಿಗೆಗೆ ಇಳಿಯಿರಿ, ತಾಯಿ ಮತ್ತು ಕರುವಿನ ನಡುವೆ ನುಗ್ಗಬೇಡಿ. ಬೆವರಿ ಬಂದಾಗ ನೀರಿಗಿಳಿಯುವ ಆಸೆಯಾಗುತ್ತದೆ. ಹೂಳು ತೆಗೆಯಲು ಅಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಇಳಿಯಬೇಡಿ.

ಏಳನೇ ಹೆಜ್ಜೆ: ನಾಯಿ, ಹಾವು, ಸಿಡಿಲು

ನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯಿರಿ. ಬೆನ್ನು ತೋರಿಸಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಬಗ್ಗಿ ಕಲ್ಲು ಎತ್ತಿದಂತೆ ಮಾಡಿದರೆ ಬಹಳಷ್ಟು ನಾಯಿ ಹಿಂದೆ ಸರಿಯುತ್ತವೆ. ಹೊಡೆಯುವುದು ಬೇಡ. ನಾಳೆಯೂ ಅದೇ ದಾರಿ, ಅದೇ ನಾಯಿ, ಅಲ್ವಾ? ಕಚ್ಚಿದರೆ, ಹಲ್ಲು ತಾಗಿ ಗೀರಾದರೂ ಸರಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ, ಹೇಳಿದಷ್ಟೂ ಡೋಸ್ ಪೂರ್ತಿ ಮಾಡಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ಬದುವಿನ ಹುಲ್ಲಿನಲ್ಲಿ ನಾಗರಹಾವು, ಕೊಳಕುಮಂಡಲ ಇರುತ್ತವೆ. ದಾರಿಯ ನಡುವೆ, ನೆಲ ಕಾಣುವಲ್ಲಿ ಓಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಗಡಿಯಾರ ತೆಗೆಯಿರಿ. ಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ಅಥವಾ ಯಾರದಾದರೂ ವಾಹನದಲ್ಲಿ ನೇರ ಆಸ್ಪತ್ರೆಗೆ ಹೋಗಿ. ಔಷಧಿ ಇರುವುದು ಅಲ್ಲಿ ಮಾತ್ರ.

ಸಿಡಿಲಿನ ಬಗ್ಗೆ ನಮ್ಮವರಿಗೆ ಇನ್ನೂ ಉದಾಸೀನ. ಅಷ್ಟೂರಿನಲ್ಲಿ ಅರ್ಧ ಒಡೆದು ನಿಂತ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗುಂಬಜ್ ಇದೆಯಲ್ಲ, ಅದು ಸಿಡಿಲಿಗೆ ಬಿದ್ದದ್ದು ಅನ್ನುತ್ತಾರೆ. ಅಷ್ಟು ದಪ್ಪ ಗೋಡೆಯ ಗತಿ ಅದಾದರೆ, ಬಯಲಿನಲ್ಲಿ, ಏರಿಯ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ಕಾಣುವ ನಮ್ಮ ಗತಿ ಯೋಚಿಸಿ. ಏಪ್ರಿಲ್‌ನಿಂದ ಜೂನ್‌ವರೆಗೆ, ಮತ್ತೆ ಹಿಂಗಾರಿನಲ್ಲಿ, ಮೋಡ ಕಟ್ಟಿದರೆ ಹೊರಡಬೇಡಿ. ಮಿಂಚು ಕಂಡ ಮೇಲೆ ಎಣಿಸಿ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತಿರದಲ್ಲೇ ಇದೆ. ಪಕ್ಕಾ ಕಟ್ಟಡದೊಳಗೆ ಸೇರಿಕೊಳ್ಳಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಬರಬೇಡಿ. ಬೇವಿರಲಿ, ಯಾವುದೇ ಮರವಿರಲಿ, ಅದರ ಕೆಳಗೆ ನಿಲ್ಲುವುದು ತುಂಬ ಅಪಾಯ.

ಹೆಣ್ಣುಮಕ್ಕಳು ಮೊದಲು ಇಬ್ಬರು ಮೂವರು ಸೇರಿ ಓಡಿದರೆ ಒಳ್ಳೆಯದು. ಊರವರಿಗೆ ಮುಖ ಪರಿಚಯವಾದ ಮೇಲೆ ದಾರಿ ಹಗುರಾಗುತ್ತದೆ. ಯಾರೇ ಆಗಲಿ, ಹೊರಡುವ ಮುಂಚೆ ಯಾವ ದಾರಿ, ಎಷ್ಟು ಹೊತ್ತು ಅಂತ ಮನೆಯಲ್ಲಿ ಹೇಳಿ, ಮೊಬೈಲ್‌ನಲ್ಲಿ ಲೊಕೇಶನ್ ಕಳಿಸಿ. ತುರ್ತಿಗೆ 112.

ಎಂಟನೇ ಹೆಜ್ಜೆ: ಎಷ್ಟು ಓಡಬೇಕು, ಏನು ಕುಡಿಯಬೇಕು

ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ 20-25 ನಿಮಿಷ, ವಾರಕ್ಕೆ ಮೂರು ದಿನ. ಪ್ರತಿವಾರ ಓಟ ಸ್ವಲ್ಪ ಹೆಚ್ಚಿಸಿ, ನಡಿಗೆ ಸ್ವಲ್ಪ ಕಡಿಮೆ ಮಾಡಿ. ಎಂಟು ಹತ್ತು ವಾರದಲ್ಲಿ ಅರ್ಧ ಗಂಟೆ ನಿಲ್ಲದೆ ಓಡುತ್ತೀರಿ. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಗಿದೆ. ಹೃದಯ, ಬಿಪಿ, ಸಕ್ಕರೆಯ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಮೀರುವ ಓಟಕ್ಕೆ ಅರ್ಧ ಲೀಟರ್ ನೀರು ಕೈಯಲ್ಲಿರಲಿ. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ತುಂಬ ಬೆವರಿ ಸುಸ್ತಾಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಅಳತೆ ತಪ್ಪಿಸಬೇಡಿ. ತಲೆ ತಿರುಗಿದರೆ, ವಾಂತಿ ಬಂದಂತಾದರೆ, ಬಿಸಿಲಲ್ಲೂ ಮೈ ಜುಮ್ಮೆಂದರೆ ಅಲ್ಲೇ ನೆರಳಿಗೆ ಕೂತು ಮೈಗೆ ನೀರು ಹಾಕಿಕೊಳ್ಳಿ. ಜೊತೆಯವರು ತೊದಲುತ್ತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಶೂ ವಿಷಯ ಕೊನೆಗೆ ಬಂತು. ಸಾದಾ ರಸ್ತೆ ಓಟದ ಶೂ ಕೆಂಪು ಮಣ್ಣಿಗೂ, ಒಣಗಿದ ಕರಿ ಮಣ್ಣಿಗೂ ಸಾಕು. ಹೆಬ್ಬೆರಳ ಮುಂದೆ ಅರ್ಧ ಬೆರಳು ಜಾಗವಿರಲಿ. ಅಡಿಯಲ್ಲಿ ದೊಡ್ಡ ಹಲ್ಲಿರುವ ಶೂ ಬೆಟ್ಟಕ್ಕೆ ಸರಿ. ನಮ್ಮ ಎರೆ ಮಣ್ಣು ಆ ಹಲ್ಲುಗಳ ಸಂದಿಯಲ್ಲೇ ಮೊದಲು ತುಂಬಿಕೊಳ್ಳುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಡಿ. ಯಾವ ದಾರಿ, ಯಾವ ತಿಂಗಳು, ನೆಲ ಹೇಗಿತ್ತು, ಯಾವ ಬೆಳೆ ಇತ್ತು ಅಂತ ಎರಡು ಸಾಲು ಬರೆಯಿರಿ. ಒಂದು ವರ್ಷವಾದರೆ ನಿಮ್ಮ ಊರಿನದೇ ಓಟದ ಪಂಚಾಂಗ ಸಿದ್ಧ. ನನ್ನ ಪುಸ್ತಕದಲ್ಲಿ ಎಳ್ಳಮವಾಸ್ಯೆ ದಿನದ ಪುಟದಲ್ಲಿ ಪ್ರತಿ ವರ್ಷ ಕಿಲೋಮೀಟರ್ ಕಡಿಮೆ. ಆ ದಿನ ಹೊಲಗಳ ತುಂಬ ಜನ. ಚರಗ, ಅಂದರೆ ಭೂಮಿಗೆ ಅರ್ಪಿಸುವ ಅಡುಗೆ, ಚೆಲ್ಲಿ, ಬುತ್ತಿ ಬಿಚ್ಚಿ ಕೂತಿರುತ್ತಾರೆ. ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡುವುದಿಲ್ಲ. ಕರೆದರೆ ಶೂ ಬಿಚ್ಚಿಟ್ಟು ಕೂತುಕೊಳ್ಳಿ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಬರುತ್ತದೆ. ಉಂಡ ಮೇಲೆ ಓಡಬೇಡಿ, ನಡೆದುಕೊಂಡು ಮನೆಗೆ ಬನ್ನಿ.